ದತ್ತಾತ್ರೇಯನ ಗಾಡಿಯ ಸದ್ದು

ದೆಹಲಿಯ ಹೊರಗಿನ ಮಾನೇಸರ್‌ನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ, ಸೆಕೆ ತಾಳಲಾರದೆ ಕೂಲರ್ ಹಾಕಿಸಿ ಎಂದು ಕೇಳಿದ ಬಿಮಲಾ ಎಂಬ ಹೆಂಗಸನ್ನು ಮರುದಿನದಿಂದ ಗೇಟಿನೊಳಗೆ ಬಿಡಲಿಲ್ಲ.

ಅವಳು ದಿನವೂ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದಳು. ಶಿಫ್ಟ್ ಬಿಟ್ಟಾಗ ಜೊತೆಯಲ್ಲಿ ದುಡಿದವರು ತಲೆ ತಗ್ಗಿಸಿಕೊಂಡು ಬಸ್ ಹತ್ತುತ್ತಿದ್ದರು. ತನ್ನ ಪಕ್ಕ ಒಬ್ಬರಾದರೂ ನಿಂತರೆ ಅವರೂ ನಿಂತಾರು ಎಂದು ಬಿಮಲಾ ದೆಹಲಿಯ ಓದುಬಳಗವೊಂದಕ್ಕೆ ಫೋನಿನಲ್ಲಿ ಹೇಳಿದ್ದಳು. ಮುನಿರ್ಕಾದ ಆ ಬಳಗ ಇದನ್ನು ಸಂಜೆಯೆಲ್ಲ ಚರ್ಚಿಸಿ, ಹೋಗಿ ನಿಲ್ಲಲೇಬೇಕೆಂದು ಒಕ್ಕೊರಲಿನಿಂದ ತೀರ್ಮಾನಿಸಿತು. ಮರುದಿನದ ಬಿಸಿಲು ನೋಡಿದ ಮೇಲೂ ಹೊರಟವರು ಇಬ್ಬರೇ: ಸಂಶೋಧನಾ ವಿದ್ಯಾರ್ಥಿ ದತ್ತಾತ್ರೇಯ, ಅವನ ಮೋಟಾರ್‌ಸೈಕಲ್ಲಿನ ಹಿಂದೆ ಗೆಳತಿ ಧಾರಿಣಿ.

ಕಾರ್ಮಿಕರ ದನಿಗೆ ನಾವು ಕಿವಿಯಾಗಬೇಕು ಎಂದು ಹೋದ ವಾರವಷ್ಟೇ ಪ್ರಬಂಧ ಓದಿದ್ದ ದತ್ತಾತ್ರೇಯನಿಗೆ ಸದ್ಯಕ್ಕೆ ಕೇಳಿಸುತ್ತಿದ್ದುದು ಒಂದೇ ಸದ್ದು. ಟಿಕ್. ರಸ್ತೆಯಲ್ಲಿ ಗುಂಡಿ ಬಂದಲ್ಲೆಲ್ಲ ಟಿಕ್ ಟಿಕ್. ಮಹಿಪಾಲಪುರ ದಾಟುವಷ್ಟರಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ನೇತುಹಾಕಿ, ಚೈನು ಜಗ್ಗಿ ನೋಡಿದ. ಇಫ್ಕೋ ಚೌಕದಲ್ಲಿ ಮತ್ತೆ ನಿಲ್ಲಿಸಿ, ಹಳೆಯ ಕರಪತ್ರವೊಂದನ್ನು ಮಡಚಿ ನಂಬರ್ ಪ್ಲೇಟಿನ ಹಿಂದೆ ತುರುಕಿದ. ಟೋಲ್ ದಾಟಿದ ಮೇಲಂತೂ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು, ರೋಗಿಯ ಎದೆಬಡಿತ ಕೇಳುವ ಡಾಕ್ಟರನಂತೆ ಕಣ್ಣು ಮುಚ್ಚಿ ಕುಳಿತುಬಿಟ್ಟ. ಕಾದ ಎಂಜಿನ್ನಿಗೆ ಗಲ್ಲ ತಾಗಿ ಸುಟ್ಟಿತು. ಸದ್ದು ಸಿಗಲಿಲ್ಲ.

"ನನಗೇನೂ ಕೇಳಿಸ್ತಿಲ್ಲ ಕಣೋ. ಮೆಕ್ಯಾನಿಕ್‌ಗಳಿಗೂ ಕೇಳಿಸಿಲ್ಲ. ನಿನಗೊಬ್ಬನಿಗೇ ಹೇಗೆ ಕೇಳತ್ತೆ?" ಎಂದಳು ಧಾರಿಣಿ.

"ನಿಲ್ಲಿಸಿದ ತಕ್ಷಣ ಮಾಯ ಆಗತ್ತೆ. ಇದು ವ್ಯವಸ್ಥೆಯ ಒಳಗಿನ ವೈರುಧ್ಯ. ಮೂಲಕ್ಕೆ ಹೋಗಬೇಕು."

"ನೀನು ಮೂಲಕ್ಕೆ ಹೋಗೋಷ್ಟರಲ್ಲಿ ಅಲ್ಲಿ ಶಿಫ್ಟ್ ಬಿಟ್ಟಿರತ್ತೆ. ಹತ್ತು ಸುಮ್ಮನೆ. ಆ ಹೆಲ್ಮೆಟ್ ಪಟ್ಟಿನಾದ್ರೂ ಸರಿಯಾಗಿ ಕಟ್ಟು, ನೇತಾಡ್ತಿದೆ."

ಪಟ್ಟಿ ಕಟ್ಟಲಿಲ್ಲ. ಹೋರಾಟಕ್ಕೆ ಹೊರಟವನು ಗದ್ದ ಬಿಗಿದುಕೊಳ್ಳುವುದೇ?

ಗೇಟಿನ ಮುಂದೆ ಬಿಮಲಾ ದುಪಟ್ಟಾ ತಲೆಗೆಳೆದುಕೊಂಡು ಒಬ್ಬಳೇ ನಿಂತಿದ್ದಳು. ಇವರನ್ನು ಕಂಡು, ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯುದ್ದಕ್ಕೂ ನೋಡಿದಳು. ಯಾರೂ ಇರಲಿಲ್ಲ. ಧಾರಿಣಿ ಇಳಿದು ಹೋಗಿ ಅವಳ ಪಕ್ಕ ನಿಂತಳು. ದತ್ತಾತ್ರೇಯ ಇನ್ನೂ ಸ್ಟ್ಯಾಂಡ್ ಹಾಕುತ್ತಿದ್ದ. ಗಾರ್ಡ್ ಲಾಠಿ ಬೀಸುತ್ತ ಬಂದ.

"ಏನು ನೇತಾಜಿ, ಎದೆ ತುಂಬ ಪದಕ? ತೆಗಿ ಅವನ್ನೆಲ್ಲ. ಗಾಡಿ ರಸ್ತೆಯ ಆಚೆಗೆ ಒಯ್ಯಿ. ಹೂಟರ್ ಹೊಡೆಯೋ ಹೊತ್ತು, ಗೇಟಿನ ಮುಂದೆ ಯಾರೂ ಇರಕೂಡದು ಅಂತ ಸಾಹೇಬರ ಆರ್ಡರ್. ಚಲೋ, ಚಲೋ."

ದತ್ತಾತ್ರೇಯನ ಬಗಲುಚೀಲದ ಪಟ್ಟಿಯ ಮೇಲೆ, ಹೆಗಲಿನಿಂದ ಎದೆಯವರೆಗೆ, ತಗಡಿನ ಬ್ಯಾಡ್ಜುಗಳು ಸಾಲಾಗಿದ್ದವು. ಒಂದೊಂದೂ ಒಂದೊಂದು ಮೆರವಣಿಗೆಯದು. ಅವನು ಲಾಠಿಯನ್ನು ನೋಡಿದ. ಬ್ಯಾಡ್ಜುಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ.

"ಇದು ತಾತ್ಕಾಲಿಕ ತಂತ್ರ," ಎಂದು ಧಾರಿಣಿಗೆ ಕನ್ನಡದಲ್ಲಿ ಕೂಗಿ ಹೇಳಿದ.

"ಅಚ್ಛಾ," ಎಂದಳು ಧಾರಿಣಿ. ಜಾಗ ಬಿಟ್ಟು ಕದಲಲಿಲ್ಲ. ಬಿಮಲಾ ಅವನ ಕಡೆ ನೋಡಲೂ ಇಲ್ಲ.

ಅವನು ಗಾಡಿ ತಿರುಗಿಸಿದ. ಲಾರಿಗಳು ಅಗೆದುಹಾಕಿದ ರಸ್ತೆ ಅದು, ಉದ್ದಕ್ಕೂ ಗುಂಡಿ. ಮೊದಲನೆಯದಕ್ಕೆ ಗಾಡಿ ಬಿತ್ತು, ಎದ್ದಿತು. ಸದ್ದಿಲ್ಲ. ಬೇಕೆಂದೇ ಇನ್ನೊಂದಕ್ಕೆ ಇಳಿಸಿದ. ಸದ್ದಿಲ್ಲ. ಆಚೆ ಬದಿಗೆ ಬಂದು ನಿಂತಾಗ ಹೆಲ್ಮೆಟ್ಟಿನ ಪಟ್ಟಿ ಖಾಲಿ ಹೆಗಲ ಮೇಲೆ ಮೆತ್ತಗೆ ಆಡುತ್ತಿತ್ತು. ಪಟ್ಟಿಯ ತುದಿಯ ಕಬ್ಬಿಣದ ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ನೋಡಿದ. ಜೇಬಿನಿಂದ ಒಂದು ಬ್ಯಾಡ್ಜು ತೆಗೆದು ಅದಕ್ಕೆ ತಾಗಿಸಿದ.

ಟಿಕ್.

ದೆಹಲಿಯ ಅರ್ಧ ಮೆಕ್ಯಾನಿಕ್‌ಗಳ ಕೈಯಲ್ಲಿ ಬಿಚ್ಚಿಸಿದ ಚೈನು, ಬೇರಿಂಗು, ಸೈಲೆನ್ಸರು ಎಲ್ಲ ಕಣ್ಣ ಮುಂದೆ ಬಂದವು. ಗಾಡಿಯಲ್ಲಿ ಸಡಿಲವಾಗಿದ್ದುದು ಸವಾರನೊಬ್ಬನೇ. ಇಷ್ಟು ದಿನ ಹೋದಲ್ಲೆಲ್ಲ ಟಿಕ್ ಟಿಕ್ ಎಂದು ತಾನು ಬಡಿದುಕೊಂಡು ಬಂದದ್ದು ತನ್ನ ಕಿವಿಗಲ್ಲದೆ ಬೇರೆ ಯಾರಿಗೂ ಕೇಳಿಸಿರಲಿಲ್ಲ. ಅವನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ರಸ್ತೆಯಾಚೆ ಗಾರ್ಡ್ ಲಾಠಿಯನ್ನು ಅಡ್ಡ ಹಿಡಿದು ಇಬ್ಬರು ಹೆಂಗಸರನ್ನು ಹಿಂದೆ ಹಿಂದೆ ತಳ್ಳುತ್ತಿದ್ದ.

ದತ್ತಾತ್ರೇಯ ಬ್ಯಾಡ್ಜುಗಳನ್ನು ಮತ್ತೆ ಚೀಲದ ಪಟ್ಟಿಗೆ ಚುಚ್ಚಿಕೊಂಡ. ಅವಸರಕ್ಕೆ ಒಂದು ತಲೆಕೆಳಗಾಯಿತು. ಟಿಕ್ ಟಿಕ್ ಎನ್ನುತ್ತ ಗುಂಡಿಗಳನ್ನೆಲ್ಲ ಹಾದು ಬಂದು ಗಾಡಿಯನ್ನು ಗೇಟಿನ ನಟ್ಟನಡುವೆ, ಗಾರ್ಡಿಗೂ ಹೆಂಗಸರಿಗೂ ಮಧ್ಯೆ ಅಡ್ಡಲಾಗಿ ನಿಲ್ಲಿಸಿದ. ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡ. ಗಾಡಿಯ ಪಕ್ಕ ನೆಲದ ಮೇಲೆ ಕುಳಿತೇಬಿಟ್ಟ.

ಒಳಗೆ ಹೂಟರ್ ಹೊಡೆಯಿತು. ಗೇಟಿನ ಕಂಬಿಗಳ ಹಿಂದೆ ಶಿಫ್ಟ್ ಮುಗಿಸಿದವರು ಬಂದು ಜಮಾಯಿಸತೊಡಗಿದರು.

"ಓ ಭಾಯಿ, ಗಾಡಿ ತೆಗಿ ಅಂದೆ. ಕಿವಿ ಕೇಳಿಸಲ್ವಾ?"

ದತ್ತಾತ್ರೇಯ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ತುದಿಯನ್ನು ನಿಂತ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟ.

"ಆಗಲ್ಲ ಭಯ್ಯಾ," ಎಂದ. "ಒಳಗೆ ಏನೋ ಸದ್ದಿದೆ. ಎಲ್ಲಿಂದ ಅಂತ ಗೊತ್ತಾಗೋವರೆಗೂ ಇಲ್ಲಿಂದ ಏಳಲ್ಲ."