ಬಾಯಿ ಮೇಲೆ ಬೆರಳು

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಅವಳ ಎರಡೂ ಕೈ ಎಣ್ಣೆಯಾಗಿದ್ದವು. ಬಾಚಣಿಗೆ ಬಾಯಲ್ಲಿತ್ತು. "ಪುಟ್ಟಿ, ಸ್ಪೀಕರ್ ಹಾಕು," ಎಂದು ಹಲ್ಲಿನ ಸಂದಿಯಿಂದಲೇ ಹೇಳಿದಳು. ಮಗಳು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದಳು.

"ನಮಸ್ಕಾರ ಮೇಡಂ. ಮೊನ್ನೆ ಮೆಸೇಜ್ ಮಾಡಿದ್ವಲ್ಲ, ಹೊಸ ಕಂಪನಿಯಿಂದ. ಮಾತಾಡಬಹುದಾ?"

ಹೆಂಗಸಿನ ದನಿ. ಬೆಣ್ಣೆಯಿಂದ ಕೂದಲು ತೆಗೆದಂಥ ನಯ.

ಅವಳು ಬಾಚಣಿಗೆ ತೆಗೆದಿಟ್ಟು, ಬಾಯಿಯ ಮೇಲೆ ಬೆರಳಿಟ್ಟು ಮಗಳಿಗೆ ತೋರಿಸಿದಳು. ಪುಟ್ಟಿಯೂ ತಕ್ಷಣ ತನ್ನ ಬಾಯಿಯ ಮೇಲೆ ಬೆರಳಿಟ್ಟಳು.

ಅದು ಆ ಮನೆಯ ಕಾನೂನು. ಅಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಬಂದದ್ದು. ಪುಟ್ಟಿ ಮೀಟಿಂಗಿನ ನಡುವೆ ನುಗ್ಗಿ, ಪರದೆಯಲ್ಲಿ ಕಂಡವರನ್ನೆಲ್ಲ ಮಾತಾಡಿಸುತ್ತಿದ್ದಳು. ಒಬ್ಬರ ಬೆಕ್ಕು, ಇನ್ನೊಬ್ಬರ ಮೊಮ್ಮಗು, ದೊಡ್ಡ ಸಾಹೇಬರ ಮನೆಯ ಗಿಳಿ, ಯಾರನ್ನೂ ಬಿಟ್ಟವಳಲ್ಲ. ಸಾಹೇಬರಿಂದಲೇ ಕೇಳಿ ಕೇಳಿ "ಮ್ಯೂಟು! ಮ್ಯೂಟು!" ಎನ್ನಲು ಕಲಿತಿದ್ದ ಆ ಗಿಳಿಗೆ ಅವಳು ಎದುರು ಮಾತಾಡಿದ ದಿನ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಸಾಹೇಬರೊಬ್ಬರನ್ನು ಬಿಟ್ಟು. ಅಂದಿನಿಂದ ಬೆರಳು. ಅಮ್ಮ ತೆಗೆಯುವ ತನಕ ಮಗಳ ಬಾಯಿಂದ ಪಿಟ್ಟೆಂದು ಸದ್ದು ಬರುತ್ತಿರಲಿಲ್ಲ.

ಈಗ ಬಾಯಿ ಮುಚ್ಚಿ ಕೂತವಳು ಅಮ್ಮನೇ. ಸರಕು ಲಾರಿಗಳಿಗೆ ದಾರಿ ಹುಡುಕಿಕೊಡುವ ತಂತ್ರಾಂಶ ಬರೆಯುವುದು ಅವಳ ಕಸುಬು. ಬೇರೆ ಕೆಲಸ ಬರದು. ಹಳೆಯ ಕಂಪನಿ ಬಿಟ್ಟ ದಿನ, ಸೇರುವಾಗ ಕಣ್ಣು ಮುಚ್ಚಿಕೊಂಡು ಹಾಕಿದ್ದ ಸಹಿ ಎದ್ದು ಬಂದು ಎದುರು ನಿಂತಿತು. ಒಂದು ವರ್ಷ ಪೈಪೋಟಿಯ ಕಂಪನಿಗಳಲ್ಲಿ ಕೆಲಸ ಮಾಡುವಂತಿಲ್ಲ. ಮಾಡುತ್ತೇನೆಂದು ಒಪ್ಪುವಂತೆಯೂ ಇಲ್ಲ. ತಪ್ಪಿದರೆ ಕೋರ್ಟು, ವರ್ಷದ ಗಡುವು ಮತ್ತೆ ಮೊದಲಿನಿಂದ. "ಸಹಿ ನಿಮ್ಮದೇ ತಾನೆ?" ಎಂದು ಕೇಳಿ ವಕೀಲರು ಕೈಚೆಲ್ಲಿದ್ದರು.

"ಅಡುಗೆಯವಳು ಒಂದು ಮನೆ ಬಿಟ್ಟರೆ ವರ್ಷಪೂರ್ತಿ ಎಲ್ಲೂ ಒಲೆ ಹಚ್ಚಬಾರದು ಅಂದ ಹಾಗಾಯ್ತಲ್ಲೇ!" ಎಂದು ಅತ್ತೆ ಆಗಾಗ ಗೊಣಗುತ್ತಿದ್ದರು. "ಅಲ್ಲೀತನಕ ಏನು, ಉಪ್ಪಿನ ಕಾಳು ಎಣಿಸ್ತಾ ಕೂತಿರಬೇಕಾ?"

ಹೇಗೋ ಗಡುವಿನ ಮುಕ್ಕಾಲು ಪಾಲು ಕಳೆದಿತ್ತು.

"ನಿಮ್ಮ ಒಪ್ಪಂದದ ವಿಷಯ ಗೊತ್ತು ಮೇಡಂ," ಎಂದಿತು ದನಿ. "ಹುದ್ದೆಗೆ ಬೇರೆ ಹೆಸರು ಇಡ್ತೀವಿ. ಕೆಲಸ ಮಾತ್ರ ಅದೇ. ಹೊರಗೆ ಯಾರಿಗೂ ಗೊತ್ತಾಗಲ್ಲ."

"ಇನ್ನೊಂದು ಸ್ವಲ್ಪ ದಿನ ಕಾದರೆ..."

"ನಾವು ಕಾಯ್ತೀವಿ, ಕೆಲಸ ಕಾಯಬೇಕಲ್ಲ! ಸಂಜೆ ಹೊತ್ತು ಲಾರಿಗಳೆಲ್ಲ ಒಂದೇ ಸೇತುವೆಗೆ ಮುಗಿಬೀಳ್ತಿದ್ವಲ್ಲ, ಆ ಗಂಟು ಬಿಡಿಸಿದ್ದು ನೀವೇ ಅಲ್ವಾ? ಅಂಥ ಕೈ ಬೇಕು ನಮಗೆ."

ಅವಳ ಕೈ ಜಡೆಯಲ್ಲೇ ನಿಂತಿತು. ಆ ಕೆಲಸದಲ್ಲಿ ಎಲ್ಲೂ ಅವಳ ಹೆಸರಿರಲಿಲ್ಲ. ಹೊಗಳಿಕೆಯೆಲ್ಲ ಸಾಹೇಬರ ಪಾಲಾಗಿತ್ತು. ಅಂತೂ ಯಾರೋ ಗುರುತಿಸಿದರಲ್ಲ!

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದೇ ಹೊತ್ತಿಗೆ ಫೋನಿನೊಳಗೂ ಏನೋ ಸದ್ದು. ಹಿಂದೆಯೇ ಬಾಗಿಲೊಂದು ಧಡ್ಡನೆ ಮುಚ್ಚಿಕೊಂಡಿತು.

"ಕ್ಷಮಿಸಿ, ಮನೇಲಿ ಸ್ವಲ್ಪ ಗಲಾಟೆ," ದನಿ ಮೊದಲ ಸಲ ತಡವರಿಸಿತು.

"ಅಯ್ಯೋ, ಇಲ್ಲೂ ಅದೇ ಕತೆ," ಎಂದು ಅವಳು ನಕ್ಕಳು. ಪಾಪ, ಇವಳೂ ತನ್ನ ಹಾಗೆ ಮಕ್ಕಳೊಂದಿಗಳೇ ಇರಬೇಕು.

ಪುಟ್ಟಿ ಮಿಸುಕಾಡಿದಳು. ತಿರುಗಿ ಅಮ್ಮನ ತೋಳು ಜಗ್ಗಿದಳು. ಬೆರಳು ಬಾಯಿಯ ಮೇಲೇ ಇತ್ತು. ಕಣ್ಣಲ್ಲಿ ಮಾತ್ರ ಪ್ರಶ್ನೆಯೊಂದು ಕುದಿಯುತ್ತಿತ್ತು.

ಯಾವ ಪ್ರಶ್ನೆಯೆಂದು ಅಮ್ಮನಿಗೆ ಗೊತ್ತಿತ್ತು. ನಿನ್ನೆಯಷ್ಟೇ ಮಗಳು ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ಅವಳಿಗೂ ಕೇಳಿಸಿತ್ತು: "ಅಮ್ಮನಿಗೆ ಕೆಲಸ ಸಿಕ್ಕಿದ್ರೆ ಮತ್ತೆ ರೂಮಿನ ಬಾಗಿಲು ಹಾಕ್ಕೊಂಡುಬಿಡ್ತಾಳಾ ಅಜ್ಜಿ?" ಆದರೂ ಎಣ್ಣೆಬೆರಳನ್ನು ಎತ್ತಿ ಮತ್ತೊಮ್ಮೆ ತೋರಿಸಿದಳು. ಆಮೇಲೆ, ಬಂಗಾರಿ.

"ಕಾಗದಪತ್ರ ಸದ್ಯಕ್ಕೆ ಬೇಡ ಮೇಡಂ. ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು. ಕರೆ ರೆಕಾರ್ಡ್ ಆಗ್ತಾ ಇದೆ, ನಮ್ಮಲ್ಲಿ ಅದೇ ಪದ್ಧತಿ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಇಷ್ಟು ದಿನ ಸುಮ್ಮನೆ ಕೂತ ಕೈಗಳು. ಬೇಡ ಎನ್ನಬೇಕೆಂದು ಬುದ್ಧಿ ಹೇಳುತ್ತಿತ್ತು. ಆದರೆ ಎಷ್ಟು ಸಲ ಬೇಡ ಎಂದಾಯಿತು? ಇನ್ನೊಂದು ಸಲ ಅಂದರೆ ಮುಂದೆ ಕೇಳುವವರಾದರೂ ಯಾರು?

"ಒಪ್ಪಿದ್ದೀನಿ," ಎಂದಳು.

"ಏನಕ್ಕೆ ಅಂತ ಬಿಡಿಸಿ ಹೇಳಿಬಿಡಿ."

"ನಿಮ್ಮ ಕಂಪನೀಲಿ ಅದೇ ಕೆಲಸ ಮಾಡೋಕೆ ಒಪ್ಪಿದ್ದೀನಿ."

"ಥ್ಯಾಂಕ್ಸ್ ಮೇಡಂ. ಇಷ್ಟೇ ಬೇಕಾಗಿತ್ತು."

ಕರೆ ಕಡಿಯಿತು. ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಏನಂತೆ?"

"ಕೆಲಸ ಸಿಕ್ತು ಅತ್ತೆ."

"ಅಂತೂ ಒಲೆ ಹೊತ್ತಿಕೊಳ್ತು ಅನ್ನು!"

ಅವಳು ಉಳಿದ ಜಡೆ ಹೆಣೆದು, ರಿಬ್ಬನ್ ಕಟ್ಟಿ, ಮಗಳನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಪಾಪದ್ದು, ಬೆರಳು ಇನ್ನೂ ಹಾಗೇ ಇತ್ತು. ಮೆಲ್ಲಗೆ ತೆಗೆದು ಅದಕ್ಕೊಂದು ಮುತ್ತಿಟ್ಟಳು. ಉತ್ತರವನ್ನು ಆಗಲೇ ನಾಲಿಗೆಯ ತುದಿಯಲ್ಲಿ ಸಿದ್ಧಮಾಡಿಕೊಂಡಿದ್ದಳು: ಬಾಗಿಲು ಹಾಕಲ್ಲ ಕಣೇ, ಬೇಕಿದ್ರೆ ಚಿಲಕಾನೇ ಕಿತ್ತುಹಾಕಿಸ್ತೀನಿ.

"ಈಗ ಕೇಳು ಪುಟ್ಟಿ. ಏನು ಬೇಕಾದ್ರೂ ಕೇಳು."

"ಅಮ್ಮಾ, ಸಾಹೇಬರ 'ಮ್ಯೂಟು ಮ್ಯೂಟು' ಗಿಳಿ ಆ ಆಂಟಿ ಮನೇಲಿ ಯಾಕಿದೆ?"