ಕೆಂಪು ದಾರದ ಕೀ

ದಲಿತರಿಗೆ ಕೊಡಬಾರದೆಂದು ಓನರುಗಳು ಹೇಳಿದ ಮನೆಗಳ ಕೀಗೆ ಆ ರಿಯಲ್ ಎಸ್ಟೇಟ್ ಆಫೀಸಿನಲ್ಲಿ ಕೆಂಪು ದಾರ ಕಟ್ಟುತ್ತಿದ್ದರು. ಎರಡು ವರ್ಷದಿಂದ ಅದನ್ನು ಕಟ್ಟಿದವನು ಕೀ ನೋಡಿಕೊಳ್ಳುವ ಗುಮಾಸ್ತನೇ.

ಧಣಿ ಕೀ ಗೊಂಚಲಿನಿಂದಲೇ ಅವನ ಮುಖಕ್ಕೆ ಬಾರಿಸಿದ. ಹುಬ್ಬು ಒಡೆದು ರಕ್ತ ಸುರಿಯಿತು.

"ಹದಿನೇಳನೇ ಮನೇಲಿ ಅಂಬೇಡ್ಕರ್ ಫೋಟೊ ತಗಲಾಕವ್ರಂತೆ! ಕೀ ಹೆಂಗೋ ಕೊಟ್ಟೆ? ದಾರ ಕಾಣ್ಲಿಲ್ವಾ?"

"ಕಾಣ್ತು ಸಾರ್. ನಾನೇ ಬಿಚ್ಚಿದೆ."

"ಎಷ್ಟು ತಿಂದೆ ಬೋಳಿಮಗನೇ?"

"ಏನೂ ಇಲ್ಲ ಸಾರ್."

ಧಣಿ ಅವನ ಹೊಟ್ಟೆಗೆ ಒದ್ದು, ರಾಡು ಹಿಡಿದು ನಿಂತಿದ್ದ ಇಬ್ಬರತ್ತ ಕೂಗಿದ.

"ಹೋಗ್ರೋ, ಆ ಮನೆ ಹೊಕ್ಕೋನ ಕಾಲು ಮುರ್ದು ಬೀದಿಗೆ ಎಸೀರಿ!"

ಗುಮಾಸ್ತ ಗೋಡೆ ಹಿಡಿದು ಎದ್ದ.

"ಅಷ್ಟು ದೂರ ಯಾಕೆ ಸಾರ್, ಇಲ್ಲೇ ಮುರೀರಿ. ಹೆಂಡ್ತಿ ಮಕ್ಕಳನ್ನ ಬೆಳಿಗ್ಗೆನೇ ಆ ಮನೇಲಿ ಬಿಟ್ಟು ಬಂದಿದ್ದೀನಿ."