ಒಂಟಿ ರಾಣಿ

ದಿಂಬಿನ ಪಕ್ಕದಲ್ಲಿದ್ದ ಫೋನು ‘ಟಿಣ್’ ಎಂದಿತು. ಮನೆಯೆಲ್ಲ ಮಲಗಿದ್ದ ಹೊತ್ತು. ವೆಬ್‌ಸೈಟ್ ಶುರುವಾದ ಮೇಲೆ ಹೇಮಶ್ರೀ ನಿದ್ದೆಯಲ್ಲೂ ಆ ಸದ್ದಿಗೆ ಕಿವಿಗೊಟ್ಟಿರುತ್ತಿದ್ದಳು. ಅವಳ ಗೊಂಬೆ ಅಂಗಡಿಯ ವ್ಯಾಪಾರವೆಲ್ಲ ದಸರೆಗೆ ಮೊದಲಿನ ಈ ಕೆಲವು ದಿನಗಳಲ್ಲೇ. ಕನ್ನಡಕ ಹುಡುಕಿ ಆರ್ಡರ್ ಓದಿದಳು. ಪಟ್ಟದ ಗೊಂಬೆ, ಮರದ್ದು, ರಾಜ, ಒಂದು. ರಾಣಿ ಇರಲಿಲ್ಲ.

ಪಟ್ಟದ ಗೊಂಬೆಯನ್ನು ಯಾರೂ ಬಿಡಿಯಾಗಿ ಮಾರುವುದಿಲ್ಲ. ಮದುವೆಯಲ್ಲಿ ಹೆಣ್ಣಿನ ತವರಿನವರು ರಾಜ ರಾಣಿಯನ್ನು ಜೋಡಿಯಾಗಿ ಕೊಡುತ್ತಾರೆ. ಹಬ್ಬದಲ್ಲಿ ಅವರಿಗೆ ಮೊದಲ ಪೂಜೆ. ಬೆಳಗಾಗುವುದನ್ನೇ ಕಾದು ಹೇಮಶ್ರೀ, ಕಾಂಟ್ರಾಕ್ಟ್ ಮೇಲೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಅಭಿರಾಮನಿಗೆ ಫೋನ್ ಮಾಡಿದಳು.

“ರಾಜನ್ನ ಒಬ್ಬನ್ನೇ ಮಾರೋಕೆ ಬಿಟ್ಟಿದ್ದೀರಲ್ಲ, ಅಭಿರಾಮ್.”

“ನೀವು ಕೊಟ್ಟ ಪಟ್ಟೀಲಿ ರಾಜ ಒಂದು ಸಾಲು, ರಾಣಿ ಒಂದು ಸಾಲು ಇತ್ತಲ್ಲ ಮೇಡಂ. ಬಿಡಿಬಿಡಿಯಾಗಿ ಕೊಡ್ತೀರೇನೋ ಅಂದ್ಕೊಂಡೆ. ನಮ್ಮನೇಲಿ ಗೊಂಬೆ ಕೂರಿಸೋ ಪದ್ಧತಿ ಇಲ್ಲ.”

“ಗಂಡ ಹೆಂಡ್ತೀನ ಬಿಡಿಬಿಡಿಯಾಗಿ ಯಾರಾದ್ರೂ ಮಾರ್ತಾರೇನ್ರೀ?”

“ಸರಿಮಾಡ್ತೀನಿ. ಈ ಆರ್ಡರ್ ಕ್ಯಾನ್ಸಲ್ ಮಾಡಿ, ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ಬುಡ್ತೀನಿ.”

ಗ್ರೂಪು ಹೇಮಶ್ರೀಯದೇ ಏರ್ಪಾಡು. ಅಂಗಡಿಯನ್ನು ಹೊರಗಿನವನ ಕೈಗೆ ಕೊಟ್ಟಿದ್ದೇನೆಂಬ ಅಂಜಿಕೆಗೆ, ಯಾವ ತಪ್ಪಾದರೂ ಚಿತ್ರಸಮೇತ ಅಲ್ಲಿಗೆ ಬರಬೇಕೆಂದು ಕಟ್ಟುನಿಟ್ಟು ಮಾಡಿದ್ದಳು. ಅದರಲ್ಲಿ ಇದ್ದದ್ದು ಮೂವರೇ: ಅವಳು, ಅಭಿರಾಮ, ಮತ್ತು ಅವನನ್ನು ಹುಡುಕಿಕೊಟ್ಟ ತಮ್ಮ ಮಹಾಂತೇಶ.

ಮಾತಾಡುತ್ತಲೇ ಅವಳು ಲ್ಯಾಪ್‌ಟಾಪಿನಲ್ಲಿ ಆರ್ಡರ್ ತೆರೆದಳು. ಹೆಸರು ಸುಷ್ಮಿತಾ. ವಿಳಾಸ ಬನ್ನಿಮಂಟಪದ ಒಂದು ಬ್ಯಾಂಕು. ಕೆಳಗೆ ಸಣ್ಣ ಅಕ್ಷರದಲ್ಲಿ, ಹಣ ಯಾರ ಖಾತೆಯಿಂದ ಬಂತು ಎನ್ನುವಲ್ಲಿ, ವಾಣಿ ಮಹಾಂತೇಶ್ ಎಂದಿತ್ತು.

ತಮ್ಮನ ಹೆಂಡತಿ. ಕೆಲಸ ಮಾಡುವುದು ಅದೇ ಬ್ಯಾಂಕಿನಲ್ಲಿ. ಅವಳ ಮದುವೆಯ ಪಟ್ಟದ ಗೊಂಬೆಗಳು ಇದೇ ಅಂಗಡಿಯವು. ಹೇಮಶ್ರೀಯೇ ಹತ್ತಿ ಸುತ್ತಿ ಕೊಟ್ಟಿದ್ದಳು. ಬೇರೆ ಹೆಸರಿನಲ್ಲಿ, ಆ ಹೊತ್ತಿನಲ್ಲಿ, ರಾಜನೊಬ್ಬನೇ ಬೇಕಾಗಿದ್ದಾನೆಂದರೆ ಅವಳ ರಾಜ ಮುರಿದುಹೋಗಿದ್ದಾನೆ. ಹೋದ ದಸರೆಯಲ್ಲಿ ವಾಣಿ ರಾಜನನ್ನು ಕೊಂಚ ಓರೆಯಾಗಿ ಇಟ್ಟಿದ್ದಳು. ಅದೇ ವಾರ ಮಹಾಂತೇಶ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಅಮ್ಮ ಗಿರಿಜಾಂಬಾ ನೋಡಲು ಬಂದವರಿಗೆಲ್ಲ ಸೊಸೆಯ ಮುಂದೆಯೇ ಎರಡನ್ನೂ ಸೇರಿಸಿ ಹೇಳಿದ್ದರು. ಓರೆಗೇ ಅಷ್ಟಾದರೆ ಮುರಿದದ್ದಕ್ಕೆ ಎಷ್ಟು? ಮಹಾಂತೇಶನೋ, ಅಮ್ಮನಿಂದ ಏನನ್ನೂ ಮುಚ್ಚಿಟ್ಟವನಲ್ಲ.

“ಮೇಡಂ, ಲೈನಲ್ಲಿದ್ದೀರಾ?”

“ಕ್ಯಾನ್ಸಲ್ ಮಾಡ್ಬೇಡಿ. ಇದೊಂದು ಹೋಗ್ಲಿ, ಆಮೇಲೆ ಸರಿಮಾಡಿ. ಗ್ರೂಪಿಗೂ ಹಾಕ್ಬೇಡಿ.”

ಅಭಿರಾಮ ಕೇಳಿದ, “ಮೊನ್ನೆ ಬಟನ್ ಬಣ್ಣ ತಪ್ಪಿದ್ದಕ್ಕೂ ಹಾಕಿಸಿದ್ರಿ. ನಾಳೆ ಮಹಾಂತೇಶ್ ಸರ್, ಮುಚ್ಚಿಟ್ಟೆ ಅಂತ ನನ್ನೇ ಹಿಡ್ಕೊಂಡ್ರೆ?”

“ನಾನಿದ್ದೀನಲ್ಲ.”

ಅವಳೇ ಅಂಗಡಿಯ ರಾಜರನ್ನೆಲ್ಲ ಬೆಳಕಿಗೆ ಹಿಡಿದು, ಪೇಟದ ಕೆಂಪು ಕೊಂಚ ಮಾಸಿದವನನ್ನು ಆರಿಸಿ ಕಳಿಸಿದಳು. ಅವನ ರಾಣಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು.

ನವರಾತ್ರಿಯ ಮೊದಲ ಸಂಜೆ ಸಿದ್ಧಾರ್ಥನಗರದ ತಮ್ಮನ ಮನೆಗೆ ಹೋದಾಗ ಅಮ್ಮ ಗೊಂಬೆಗಳ ಎದುರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. “ನೋಡೇ ಹೇಮ, ಈ ಸಲ ರಾಜನ ಮುಖದಲ್ಲಿ ಎಷ್ಟು ಕಳೆ. ರಾಣೀನೇ ಮಂಕು.”

ಉಸಲಿ ಬಡಿಸುತ್ತಿದ್ದ ವಾಣಿಯ ಕೈ ನಿಂತಿತು.

“ವಾಣಿ ಚೆನ್ನಾಗಿ ಒರೆಸಿದಾಳೆ ಕಣಮ್ಮ.”

“ರಾಣೀನೂ ಒರೆಸ್ಬೇಕಿತ್ತು.”

“ಗಂಡನ್ನ ನೋಡ್ಕೋ, ಗಂಡನ್ನ ನೋಡ್ಕೋ ಅಂತ ದಿನಾ ಹೇಳೋಳು ನೀನೇ ಅಲ್ವಾ?”

ಅಮ್ಮ ನಕ್ಕುಬಿಟ್ಟರು. ಅಷ್ಟರಲ್ಲಿ ಎರಡು ಫೋನುಗಳು ಒಟ್ಟಿಗೆ ‘ಟಿಣ್’ ಎಂದವು. ವಾರದ ಸ್ಟಾಕ್ ವರದಿ. ಯಾರೂ ಕಳಿಸಬೇಕಿಲ್ಲ, ತಾನಾಗಿಯೇ ಗ್ರೂಪಿಗೆ ಬರುವಂತೆ ಹೇಮಶ್ರೀಯೇ ಪಟ್ಟು ಹಿಡಿದು ಮಾಡಿಸಿದ್ದಳು. ಅದನ್ನು ಅವಳು ಮರೆತೇಬಿಟ್ಟಿದ್ದಳು.

“ಅಕ್ಕಾ, ಇದೇನಿದು?” ಮಹಾಂತೇಶ ಎಲ್ಲರಿಗೂ ಕೇಳುವಂತೆ ಓದಿದ. “ಪಟ್ಟದ ಗೊಂಬೆ, ರಾಣಿ ಒಂದು ಹೆಚ್ಚು. ರಾಜ ಎಲ್ಲೋದ? ನಿನ್ನ ಅಭಿರಾಮ ಮತ್ತೇನೋ ಎಡವಟ್ಟು ಮಾಡ್ಕೊಂಡವ್ನೆ. ತಡಿ, ಈಗ್ಲೇ ಫೋನ್ ಮಾಡ್ತೀನಿ.”

ವಾಣಿ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ಅವನದೇನೂ ತಪ್ಪಿಲ್ಲ ಕಣೋ,” ಎಂದಳು ಹೇಮಶ್ರೀ. “ರಾಜ ಮುರಿದೋದ. ನನ್ನ ಕೈಯಿಂದಾನೇ ಜಾರಿ ಬಿದ್ದ.”

ಅಮ್ಮನ ನಗು ಇಳಿಯಿತು. “ಹಬ್ಬದ ಹೊತ್ತಲ್ಲಿ ಎಂಥಾ ಕೆಲ್ಸ ಮಾಡ್ಕೊಂಡ್ಯೇ. ಅಳಿಯಂದ್ರು ಮಂಡಕಳ್ಳಿ ಏರ್‌ಪೋರ್ಟಿಂದ ಕಾರಲ್ಲಿ ಬರ್ತಿದಾರೆ ಅಂದ್ಯಲ್ಲ, ಎಲ್ಲಿದಾರೆ ಕೇಳು ಮೊದ್ಲು.”

“ಬರ್ತಾರೆ ಬಿಡಮ್ಮ. ಮರದ ಗೊಂಬೆ ಅದು.”

ವಾಣಿ ಕೇಳದೆಯೇ ಹೇಮಶ್ರೀಯ ತಟ್ಟೆಗೆ ಇನ್ನೊಂದು ಸೌಟು ಉಸಲಿ ಬಡಿಸಿದಳು. ಹೇಮಶ್ರೀ ತಲೆಯೆತ್ತಲಿಲ್ಲ. ಈ ವಿಷಯವನ್ನು ಯಾರಿಗೂ ಹೇಳುವುದಿಲ್ಲ, ವಾಣಿಯ ಹತ್ತಿರವೂ ಎತ್ತುವುದಿಲ್ಲ ಎಂದು ಅವಳು ನಿರ್ಧರಿಸಿಯಾಗಿತ್ತು. ಆದರೂ ಸೆರಗಿನ ಮರೆಯಲ್ಲಿ ಅವಳ ಹೆಬ್ಬೆರಳು ಗಂಡನ ನಂಬರನ್ನು ಹುಡುಕುತ್ತಿತ್ತು.